ಹರೆಯದವರ ಸಕ್ಕರೆ ಕಾಯಿಲೆ ಮತ್ತು ಮನೆಯ ಊಟ

ಕೇಳುಗರಿಗೆ ನಮಸ್ಕಾರ.

13, 14 ವರ್ಷದ ಕೆಲವು ಮಕ್ಕಳಿಗೆ ಕತ್ತಿನ ಹಿಂದೆ ಚರ್ಮ ಕಪ್ಪಗೆ, ದಪ್ಪಗೆ ಆಗಿರುತ್ತದೆ. ಕಂಕುಳಲ್ಲೂ ಹಾಗೆಯೇ. ಕೊಳೆ ಅಂದುಕೊಂಡು ತಾಯಂದಿರು ಸೋಪು ಹಚ್ಚಿ ಉಜ್ಜುತ್ತಾರೆ. ಪಾಪ, ಮಗುವಿಗೆ ಉರಿ ಅಷ್ಟೇ. ಸಾಮಾನ್ಯವಾಗಿ ಅದು ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿರುವ ಗುರುತು. ಉಜ್ಜುವುದನ್ನು ಬಿಟ್ಟು ಡಾಕ್ಟರಿಗೆ ತೋರಿಸಿ.

ಊಟ ಆದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಸ್ನಾಯುಗಳು ಎಳೆದುಕೊಳ್ಳಲು ಇನ್ಸುಲಿನ್ ಬೇಕು. ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ, ಮತ್ತು ಸ್ನಾಯುಗಳಲ್ಲಿ ಕೊಬ್ಬು ಸೇರಿಕೊಂಡರೆ ಇನ್ಸುಲಿನ್ ಇದ್ದರೂ ಕೆಲಸ ಸರಿಯಾಗಿ ಸಾಗುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಆಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಎಷ್ಟೋ ಮಕ್ಕಳಲ್ಲಿ ಕೊನೆಗೆ ಅದೂ ಸಾಲದೆ ರಕ್ತದ ಸಕ್ಕರೆ ಏರುತ್ತದೆ. ಇದೇ ಟೈಪ್ 2 ಮಧುಮೇಹ. ಹರೆಯದಲ್ಲಿ ಆರೋಗ್ಯವಾಗಿರುವ ಮಕ್ಕಳಿಗೂ ಈ ಪ್ರತಿರೋಧ ಸ್ವಲ್ಪ ಏರುತ್ತದೆ. ಬೆಳವಣಿಗೆಯ ಹಾರ್ಮೋನು ಅದಕ್ಕೆ ಮುಖ್ಯ ಕಾರಣ.

ಅಮೆರಿಕದಲ್ಲಿ ಟೈಪ್ 2 ಮಧುಮೇಹ ಇದ್ದ, 10ರಿಂದ 17 ವರ್ಷದ 699 ಮಕ್ಕಳನ್ನು ಸೇರಿಸಿ 'ಟುಡೇ' ಎಂಬ ಅಧ್ಯಯನ ನಡೆಯಿತು. 2012ರಲ್ಲಿ ಫಲಿತಾಂಶ ಬಂತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಒಂದನ್ನೇ ನುಂಗಿದವರಲ್ಲಿ ಸುಮಾರು ಅರ್ಧ ಮಂದಿಗೆ ಶುಗರ್ ಹತೋಟಿಯಲ್ಲಿ ನಿಲ್ಲಲಿಲ್ಲ. ಮಾತ್ರೆಯ ಜೊತೆ ಊಟ, ವ್ಯಾಯಾಮದ ತರಬೇತಿ ಪಡೆದವರಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಅಷ್ಟು ಹಟಮಾರಿ. ಹಾಗಾಗಿ ಪಥ್ಯ ಮಾಡುತ್ತೇವೆ ಅಂತ ಔಷಧಿ ಬಿಡಬೇಡಿ. ಔಷಧಿ ಇದೆ ಅಂತ ಊಟದಲ್ಲಿ ಉದಾಸೀನ ಮಾಡಬೇಡಿ. ಕತ್ತು ಕಪ್ಪಾದಾಗಲೇ ಊಟದ ಪಥ್ಯ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಈಗ ನಮ್ಮ ತಟ್ಟೆ ನೋಡೋಣ. ರಾಶಿ ಅನ್ನ, ಮೇಲೆ ತಿಳಿಸಾರು, ಅಂಚಿನಲ್ಲಿ ಒಂದು ಚಮಚ ಪಲ್ಯ. 'ಶುಗರ್ ಇದ್ದರೆ ರಾಗಿ ತಿನ್ನಿ' ಎನ್ನುತ್ತಾರೆ, ಅಲ್ವಾ? 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅಷ್ಟರ ಮಟ್ಟಿಗೆ ರಾಗಿ ಮೇಲು. ಆದರೆ ಪಿಷ್ಟ ರಾಗಿಯಲ್ಲೂ ಧಾರಾಳವಾಗಿದೆ. ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಏನು ಲಾಭ? ಬೆಲ್ಲ ಹಾಕಿದ ರಾಗಿ ಮಾಲ್ಟ್ ಕೂಡ ಶುಗರನ್ನು ಬೇಗ ಏರಿಸುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ.

ಒಂದು ಸಣ್ಣ ಮುದ್ದೆ ಸಾಕು. ಅದರ ಜೊತೆ ಹುರುಳಿಕಾಳೋ ಹೆಸರುಕಾಳೋ ಹಾಕಿದ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿರಲಿ. ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಕೋಸಂಬರಿ, ಪಲ್ಯ, ಕಾಳು ಮೊದಲು ತಿಂದು, ಮುದ್ದೆಯನ್ನೋ ಅನ್ನವನ್ನೋ ಆಮೇಲೆ ತಿಂದರೆ ಶುಗರ್ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಸಂಜೆಯ ಬೇಕರಿ ಪಫ್ಸ್ ಬದಲು ಹುರಿಗಡಲೆ, ಕಡಲೆಕಾಯಿ ಇರಲಿ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಅದನ್ನು ಮನೆಗೆ ತರಲೇಬೇಡಿ.

ದಯವಿಟ್ಟು ಆ ಮಗುವಿಗೆ ಮಾತ್ರ ಬೇರೆ ಅಡುಗೆ ಮಾಡಬೇಡಿ. ತಮ್ಮನ ತಟ್ಟೆಯಲ್ಲಿ ಜಾಮೂನು, ಅಕ್ಕನ ತಟ್ಟೆಯಲ್ಲಿ ಸೌತೆಕಾಯಿ ಇದ್ದರೆ ಅವಳಿಗೆ ಎಷ್ಟು ನೋವಾಗುತ್ತದೆ! ಮನೆಮಂದಿಗೆಲ್ಲ ಒಂದೇ ಊಟ ಇರಲಿ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದೂ ಬೇಡ.

ಟೈಪ್ 1 ಇರುವ ಮಕ್ಕಳ ವಿಷಯ ಬೇರೆ. ಅವರ ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗುವುದೇ ಇಲ್ಲ, ಆದ್ದರಿಂದ ಇಂಜೆಕ್ಷನ್ ಒಂದು ದಿನವೂ ನಿಲ್ಲಿಸುವಂತಿಲ್ಲ. ತೂಕ ಏರಿದರೆ ಅವರಲ್ಲೂ ಪ್ರತಿರೋಧ ಬರುತ್ತದೆ, ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ. ಅನ್ನ, ಮುದ್ದೆ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ ಡೋಸ್ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಶುಗರ್ ತೀರಾ ಇಳಿದು ಬೆವರು, ನಡುಕ ಬರುತ್ತದೆ. ಹಾಗಾದರೆ, ಎಚ್ಚರ ಇರುವಾಗಲೇ 3 ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ಪರೀಕ್ಷೆ ಮಾಡಿ.

ನಮಸ್ಕಾರ.