ಮುಚ್ಚಳ ಎಲ್ಲಿತ್ತು?

ನಮ್ಮ ಚಾಳಿನಲ್ಲಿ ಬೆಳಗ್ಗೆ ಐದಕ್ಕೆ ನೀರು ಬರುತ್ತದೆ, ಏಳಕ್ಕೆ ನಿಲ್ಲುತ್ತದೆ. ಅಷ್ಟರಲ್ಲಿ ಡ್ರಮ್ಮು, ಬಕೆಟ್, ಕೊಡ ಎಲ್ಲ ತುಂಬಿರಬೇಕು. ಮುಂಬೈಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮಗಳಿಗೆ ಆಗ ಒಂದೂವರೆ ವರ್ಷ. ಮೋರಿಯಲ್ಲಿದ್ದ, ಅಂದರೆ ಮನೆಯೊಳಗೆ ನೀರು ಬಳಸುವ ಮೂಲೆಯಲ್ಲಿದ್ದ, ಸಣ್ಣ ಡ್ರಮ್ಮಿನಲ್ಲಿ ಕೆಂಪು ಮಗ್ ತೇಲುತ್ತಿತ್ತು. ನಾನು ಎರಡು ಹೆಜ್ಜೆ ಆಚೆ, ಹಾಲು ಉಕ್ಕದಂತೆ ನೋಡುತ್ತಿದ್ದೆ. ಮನೆಯಲ್ಲಿ ಸದ್ದೇ ಇಲ್ಲ. ಏನಪ್ಪಾ ಇದು ಅಂತ ತಿರುಗಿದರೆ ಎರಡು ಕಾಲು ಮೇಲೆ, ತಲೆ ಒಳಗೆ. ಎಳೆದುಕೊಂಡೆ. ಕೆಮ್ಮಿದಳು, ಅತ್ತಳು. ಬದುಕಿದೆವು.

ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಒಮ್ಮೆ ಮುಗ್ಗರಿಸಿದರೆ ಮೇಲೇಳಲು ತೋಳಲ್ಲಿ ಬಲವಿಲ್ಲ. ಬಾಯಿ ನೀರೊಳಗಿದ್ದರೆ ಕೂಗುವುದು ಎಲ್ಲಿಂದ?

ಊರಿಂದ ಅತ್ತೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನೀ ಎಲ್ಲಿದ್ದಿ?" ಪಕ್ಕದ ಖೋಲಿಯವರೂ ಅದನ್ನೇ ಕೇಳಿದರು. ಮುಚ್ಚಳ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ. ಅದು ಹೊರಗೆ ಬಿಸಿಲಲ್ಲಿತ್ತು. ಅದರ ಮೇಲೆ ಸಂಡಿಗೆ ಒಣಗುತ್ತಿತ್ತು!

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಜಾಸ್ತಿ ಸಾವು ನಮ್ಮಂಥ ದೇಶಗಳಲ್ಲೇ. ಇಲ್ಲಿನ ತಾಯಂದಿರಿಗೆಲ್ಲ ಮಕ್ಕಳ ಮೇಲೆ ನಿಗಾ ಇಲ್ಲ ಅಂತೀರಾ? ಸುಮ್ನೆ ಬೈದರೆ ಆಯಿತಾ?

ಬಾಂಗ್ಲಾದೇಶದವರು ಬೈಯುತ್ತಾ ಕೂರಲಿಲ್ಲ. ತಾಯಿ ಅಡುಗೆ, ಕೆಲಸದಲ್ಲಿ ಮುಳುಗಿರುವ ಹೊತ್ತಲ್ಲೇ ಮಕ್ಕಳು ಕೆರೆಗೆ ಬೀಳುತ್ತವೆ ಅಂತ ಗೊತ್ತಾಯಿತು. ಬೆಳಗ್ಗೆ 9ರಿಂದ 1ರವರೆಗೆ ಹಳ್ಳಿಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಮನೆ ಮಾಡಿದರು. ಹೆಸರು ಆಂಚಲ್. ಅಂದರೆ ಸೆರಗು. ಅಲ್ಲಿಗೆ ಹೋಗುವ ಮಕ್ಕಳು ಮುಳುಗುವುದು ಬಹಳ ಕಡಿಮೆಯಾಯಿತು.

ನಮ್ಮಲ್ಲೂ ಕಾನೂನು ಮಾಡಿದ್ದಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಗಂಡ ಹೆಂಡತಿ ಇಬ್ಬರೂ ಇಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬರುತ್ತಾರೆ. ಮಗು ಮರಳಿನ ಗುಡ್ಡೆ, ನೀರಿನ ಟಾಕಿ ಪಕ್ಕ ಆಡುತ್ತಿರುತ್ತದೆ. 50ಕ್ಕಿಂತ ಜಾಸ್ತಿ ಹೆಣ್ಣಾಳುಗಳಿದ್ದರೆ ಅಲ್ಲಿ ಶಿಶುವಿಹಾರ ಇರಲೇಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಸರಿ, 40 ಜನ ಇದ್ದರೆ? ಎಣಿಸಬೇಕಾದ್ದು ಮಕ್ಕಳನ್ನಲ್ಲವಾ? ಮುಂಬೈ ಮೊಬೈಲ್ ಕ್ರೆಶಸ್ ಅನ್ನುವ ಸಂಸ್ಥೆಯವರು 1972ರಿಂದ ಇಂಥ ಸೈಟುಗಳಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾ ಬಂದಿದ್ದಾರೆ. ಆಗದ ಮಾತೇನಲ್ಲ.

ನಮ್ಮ ಮನೆ ಡ್ರಮ್ಮಿಗೆ ಈಗ ಮುಚ್ಚಳ ಇದೆ, ಹಳೇ ಲಂಗದ ಲಾಡಿಯಲ್ಲಿ ಬಿಗಿಯಾಗಿ ಕಟ್ಟಿದ್ದೇನೆ. ದಿನಾ ಐದಕ್ಕೆ ನಿದ್ದೆಗಣ್ಣಲ್ಲಿ ಗಂಟು ಬಿಚ್ಚುವುದು ಮಹಾ ಕಿರಿಕಿರಿ. ಸಂಡಿಗೆಗೆ ಬೇರೆ ತಟ್ಟೆ ತಂದೆ.