ಬಿಳಿಗೆ ನೀಲಿ ಹಾಕುವುದು

ಹಿರಿಯರೆ, ಶಿಬಿರದ ಗೆಳೆಯರೆ,

ಚಳಿಗಾಲ ಎಂಬ ವಿಷಯಕ್ಕೆ ನೀವು ಬರೆದ ತೈಲಚಿತ್ರಗಳನ್ನೆಲ್ಲ ಬೆಳಗ್ಗೆ ನೋಡಿದೆ. ಚಿಕ್ಕಮಗಳೂರಿನಲ್ಲಿ ಕುಳಿತು ಬಹಳ ಮಂದಿ ಹಿಮ ಬಿದ್ದ ಪೈನ್ ಕಾಡು ಬರೆದಿದ್ದೀರಿ. ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಆ ಹಿಮವೆಲ್ಲ ಟ್ಯೂಬಿನಿಂದ ಹಿಂಡಿದ ಬಿಳಿ, ನೆರಳೆಲ್ಲ ಕಪ್ಪು ಕಲಸಿದ ಬೂದಿ. ಅದು ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ನನ್ನ ಸಂಕಟ ಅದು.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1868–69ರ ಚಳಿಗಾಲದಲ್ಲಿ ಅಲ್ಲಿನ ಎತ್ರೆತಾ ಊರಿನ ಬಳಿ ಬರೆದ ‘ಮ್ಯಾಗ್‌ಪೈ’ ಚಿತ್ರ ನಿಮಗೆ ಗೊತ್ತೇ ಇದೆ. ಹಿಮ ಹೊದ್ದ ಬೇಲಿ, ಗೇಟಿನ ಮೇಲೆ ಒಂಟಿ ಹಕ್ಕಿ, ಬೇಲಿಯ ಈಚೆಗೆ ಚಾಚಿದ ನೀಲಿ ನೆರಳು. 1869ರಲ್ಲಿ ಪ್ಯಾರಿಸ್ಸಿನ ಅಧಿಕೃತ ಕಲಾ ಪ್ರದರ್ಶನವಾದ ಸಲೋನ್ ಅದನ್ನು ತಿರಸ್ಕರಿಸಿತು. ಆದರೆ ಮೊನೆ ಕಂಡದ್ದನ್ನೇ ಬರೆದಿದ್ದ. ಬಿಸಿಲಿಗೆ ಮರೆಯಾದ ಜಾಗಕ್ಕೆ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಆಕಾಶ ನೀಲಿ, ನೆರಳೂ ನೀಲಿ.

ನನಗೆ ಈ ಪಾಠ ಮೊದಲು ಆದದ್ದು ನಮ್ಮ ಹಿತ್ತಿಲಿನಲ್ಲಿ. ಅಮ್ಮ ಅಪ್ಪನ ಪಂಚೆಯನ್ನು ಒಗೆದು, ಕೊನೆಗೆ ನೀಲಿ ಕದಡಿದ ನೀರಿನಲ್ಲಿ ಅದ್ದುತ್ತಿದ್ದಳು. ಬಿಳಿ ಪಂಚೆಗೆ ನೀಲಿ ಯಾಕಮ್ಮ ಎಂದರೆ, “ನೀಲಿ ಹಾಕದಿದ್ದರೆ ಬಿಳಿ ಎದ್ದು ಕಾಣುವುದಿಲ್ಲ ಕಣೋ” ಎನ್ನುತ್ತಿದ್ದಳು. ಒಂದು ದಿನ ದಾಸವಾಳದ ಬೇಲಿಯ ಮೇಲೆ ಪಂಚೆ ಹರವಿದ್ದಳು. ಜನವರಿಯ ಎಳೆಬಿಸಿಲು ಸಿಲ್ವರ್ ಓಕ್ ಮರಗಳ ನಡುವಿನಿಂದ ಆಗಷ್ಟೇ ಬಂದಿತ್ತು. ಪಂಚೆಯ ಮೇಲೆ ಉದ್ದುದ್ದ ನೀಲಿ ಪಟ್ಟೆಗಳು! ನೀಲಿ ಹೆಚ್ಚಾಗಿ ಕಲೆ ನಿಂತಿದೆ, ಅಪ್ಪ ಬೈಯುತ್ತಾರೆ ಎಂದು ಒರೆಸಲು ಹೋದೆ. ಪಟ್ಟೆ ನನ್ನ ಕೈಯ ಮೇಲೂ ಹತ್ತಿತು. ಕೈ ಹಿಂದಕ್ಕೆ ತೆಗೆದರೆ ಮತ್ತೆ ಪಂಚೆಯ ಮೇಲೆ! ಅಮ್ಮ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ ತಿಳಿಯಿತು: ಬಟ್ಟೆಗೆ ಹಾಕುವ ಆ ನೀಲಿಯೂ ನಮ್ಮ ಪೆಟ್ಟಿಗೆಯ ಅಲ್ಟ್ರಾಮರೀನ್ ಬಣ್ಣವೂ ಒಂದೇ ಮನೆತನದವು. ಹಿಂದೆ ಅದನ್ನು ಅಫ್ಘಾನಿಸ್ತಾನದ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಬೆಲೆ ಚಿನ್ನದಂತೆ. 1828ರ ಸುಮಾರಿಗೆ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸತೊಡಗಿದ ಮೇಲೆ ಬಡ ಚಿತ್ರಕಾರನ ಕೈಗೂ ಸಿಕ್ಕಿತು, ಅಗಸರ ಕಟ್ಟೆಗೂ ಬಂತು. ಬಿಳಿಗೆ ನೀಲಿ ಹಾಕಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ನಮ್ಮ ಚಳಿಗಾಲ. ಹಿಮಕ್ಕೂ ಕಾವಳಕ್ಕೂ ನಾವು ಮಂಜು ಎಂದೇ ಅನ್ನುತ್ತೇವೆ, ಆದರೆ ಬರೆಯುವಾಗ ಎರಡೂ ಬೇರೆ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಬಿಸಿಲಿಲ್ಲ, ಹಾಗಾಗಿ ನೀಲಿ ನೆರಳೂ ಇಲ್ಲ. ಅಲ್ಲಿ ಮರಗಳ ಅಂಚು ಕರಗಬೇಕು. ಕೆಳಗಿನ ಬಣ್ಣ ಹಸಿಯಿರುವಾಗಲೇ ಮೇಲಿನದನ್ನು ಎಳೆಯಿರಿ. ಹತ್ತಿರದ ಮರ ಗಾಢ, ಅದರ ಹಿಂದಿನದು ಪೇಲವ, ಮೂರನೆಯದು ಇದೆಯೋ ಇಲ್ಲವೋ ಎನ್ನುವಷ್ಟು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ತೈಲಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಚಳಿಯಲ್ಲಿ ಇನ್ನೂ ನಿಧಾನ. ಕೆಳಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ತಿರುವುಮುರುವಾದರೆ ಬಿರುಕು ಬಿಡುತ್ತದೆ.

ನಾಳೆ ಆರೂವರೆಗೆ ಕಾಫಿ ಕಣದ ಹತ್ತಿರ ಸೇರೋಣ. ಕಪ್ಪು ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬಿಳಿ ಪಂಚೆ ನಾನು ತರುತ್ತೇನೆ.