ತಮ್ಮನಿಗೊಂದು ಕೇಪಿನ ರಿವಾಲ್ವರ್

ಬದಿಯಡ್ಕದಿಂದ ಎಲ್ಲರಿಗೂ ನಮಸ್ಕಾರ. ಈಗ ಪರದೆಯಲ್ಲಿ ಕಾಣುತ್ತಿರುವುದು ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಕಳುಹಿಸಿದ ವಿಡಿಯೊ. ಮೇಜಿನ ಮೇಲೆ ಎರಡು ರಿವಾಲ್ವರ್‌ಗಳಿವೆ. ಎರಡೂ 1851ರ ಕೋಲ್ಟ್ ನೇವಿ ಎಂಬ ಹಳೆಯ ಅಮೆರಿಕನ್ ರಿವಾಲ್ವರಿನ ಪ್ರತಿಕೃತಿಗಳು, ಇಟಲಿಯಲ್ಲಿ ತಯಾರಾದವು, ಒಬ್ಬರು ಬಳಸಿ ಮಾರಾಟಕ್ಕಿಟ್ಟವು. "ಅಣ್ಣಾ, ಕೇಪಿನ ಕೋವಿ ತೊಳೆದು ಗೊತ್ತಿರುವವನು ನೀನು, ಯಾವುದನ್ನು ಕೊಳ್ಳಲಿ?" ಎಂದು ಕೇಳಿದ್ದಾನೆ.

ಮೊದಲು, ಅದು ತುಂಬಿದೆಯೇ ನೋಡು ಎಂದೆ. ಇದರಲ್ಲಿ ತೋಟೆ ಇಲ್ಲ. ಮದ್ದು, ಅದರ ಮೇಲೆ ಸೀಸದ ಗುಂಡು, ಎರಡೂ ಸಿಲಿಂಡರಿನ ಕೋಣೆಯಲ್ಲೇ ಕುಳಿತಿರುತ್ತವೆ. ಹಿಂದಿನ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ, ತೆಗೆದ ಮಾತ್ರಕ್ಕೆ ಖಾಲಿಯಾಯಿತು ಎಂದುಕೊಳ್ಳಬಾರದು. ಮಾರುವವರು ಎಷ್ಟೇ ನಂಬಿಗಸ್ತರಾದರೂ ಆರೂ ಕೋಣೆಗಳಿಗೆ ಟಾರ್ಚ್ ಬಿಡಲೇಬೇಕು.

ಎಡಗಡೆಯದು ಹಿತ್ತಾಳೆ ಚೌಕಟ್ಟಿನದು. ಫಳಫಳ ಹೊಳೆಯುತ್ತಿದೆ, ಬೆಲೆಯೂ ಕಡಿಮೆ. ಆದರೆ ಇಲ್ಲಿ ನೋಡಿ, ಸಿಲಿಂಡರಿನ ಹಿಂಬದಿ ತಾಗುವ ಜಾಗದಲ್ಲಿ ಉಂಗುರದಂತೆ ಒಂದು ಅಚ್ಚು ಮೂಡಿದೆ. ಪ್ರತಿ ಹೊಡೆತಕ್ಕೂ ಸಿಲಿಂಡರ್ ಹಿಂದಕ್ಕೆ ಗುದ್ದುತ್ತದೆ, ಹಿತ್ತಾಳೆ ಮೆದು ಲೋಹ. ಮದ್ದು ಹೆಚ್ಚೆಚ್ಚು ತುಂಬಿ ಹೊಡೆದವರ ಗುರುತು ಅದು. ಇದು ಬೇಡವೇ ಬೇಡ.

ಬಲಗಡೆಯ ಉಕ್ಕಿನದು ಮಂಕಾಗಿದೆ, ಆದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ತಿರುವುಗೆರೆಗಳು ಸ್ಪಷ್ಟವಾಗಿವೆ. ನನಗೆ ಅಷ್ಟೇ ಸಾಕಾಗಿತ್ತು. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್). ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಆಟಿ ಮಳೆಯಲ್ಲಂತೂ ಒಂದು ರಾತ್ರಿ ಬಿಟ್ಟರೂ ತುಕ್ಕು. ಅದಕ್ಕೇ ಅಜ್ಜ ಕೋವಿ ಹೊಡೆದ ದಿನ ಊಟಕ್ಕೂ ಮೊದಲು ಕುದಿಯುವ ನೀರು ಹೊಯ್ದು, ನಳಿಗೆಗೆ ತೂರಿಸುವ ಗಜಕ್ಕೆ ಬಟ್ಟೆ ಸುತ್ತಿ ಉಜ್ಜಿ, ಒಣಗಿಸಿ, ಎಣ್ಣೆ ಸವರುತ್ತಿದ್ದರು. ಟೆಕ್ಸಾಸ್‌ನಲ್ಲಿ ಯಾರೋ ಅಷ್ಟೇ ಶ್ರದ್ಧೆಯಿಂದ ತೊಳೆದಿದ್ದಾರೆ. ಕಾಣದ ಆ ವ್ಯಕ್ತಿಯ ಮೇಲೆ ನನಗೆ ಗೌರವ ಮೂಡಿತು.

ನಳಿಗೆಯನ್ನು ಹಿಡಿದಿಡುವ ಬೆಣೆ ಬಿಗಿಯಾಗಿದೆ. ಹ್ಯಾಮರನ್ನು ನಿಧಾನವಾಗಿ ಎಳೆದಾಗ ಆರೂ ಸರದಿಯಲ್ಲಿ ಸಿಲಿಂಡರ್ ಸರಿಯಾದ ಜಾಗಕ್ಕೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ. ನಳಿಗೆಯ ಮೇಲೆ 'ಪಿಎನ್' ಮುದ್ರೆಯಿದೆ, ಅಂದರೆ ಕರಿಮದ್ದಿಗೆಂದು ಪರೀಕ್ಷೆಯಾದದ್ದು. ಇಂದಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದನ್ನು ಇದರಲ್ಲಿ ತುಂಬಿದರೆ ಸಿಲಿಂಡರ್ ಸಿಡಿದು ಕೈಯೇ ಹೋಗಬಹುದು.

ನೋಡುತ್ತಿರುವ ನಮ್ಮೂರಿನವರು ಒಂದು ವಿಷಯ ಗಮನಿಸಿ. ಅಮೆರಿಕದ 1968ರ ಫೆಡರಲ್ ಕಾಯ್ದೆ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿದೆ, ಹಾಗಾಗಿ ತಮ್ಮನಿಗೆ ಅದು ಸುಲಭ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ. ಹಂದಿ ಕಾಟಕ್ಕೆಂದು ಇಟ್ಟ ಕೇಪಿನ ಕೋವಿಗೂ ಪರವಾನಗಿ ಬೇಕು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕಾಗಬಹುದು. ಇದನ್ನು ನೋಡಿ ಯಾರೂ ತರಿಸಲು ಹೊರಡಬೇಡಿ.

ತಮ್ಮ ಉಕ್ಕಿನದನ್ನೇ ಕೊಂಡ. ಕೇಪು ಕೂರುವ ನಿಪ್ಪಲ್‌ಗಳು ಮಾತ್ರ ಹೊಡೆತ ತಿಂದು ಚಪ್ಪಟೆಯಾಗಿವೆ. ಆರನ್ನೂ ಬದಲಿಸಿದ ಮೇಲೆಯೇ ಮೊದಲ ಗುಂಡು ಎಂದು ಹೇಳಿದ್ದೇನೆ. ಆ ವಿಡಿಯೊ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.